ರಾಜಕಾಲುವೆ ಅಂದ್ರೆ ಏನು?

ಮಳೆಗಾಲ ಬಂತು ಅಂದ್ರೆ ಬೆಂಗಳೂರಿನ ಸುದ್ದೀಲಿ ದಿನಾ ಕಿವಿಗೆ ಬೀಳೋ ಪದ ಇದು. ರಾಜಕಾಲುವೆ ಒತ್ತುವರಿ, ರಾಜಕಾಲುವೆ ಉಕ್ಕಿ ಮನೆಗೆ ನೀರು, ಹಿಂಗೆ. ಕೇಳಿ ಕೇಳಿ ಎಷ್ಟೋ ಜನ ಅದನ್ನ ದೊಡ್ಡ ಮೋರಿ ಅಂತಾನೇ ತಿಳ್ಕೊಂಡಿದಾರೆ, ತಪ್ಪು ಅವರದ್ದೂ ಅಲ್ಲ ಬಿಡಿ, ಈಗ ಅದ್ರಲ್ಲಿ ಹರಿಯೋದು ಬಹುತೇಕ ಮೋರಿ ನೀರೇ.

ಬೆಂಗಳೂರು ಕೂತಿರೋದು ದಿಣ್ಣೆ ಮೇಲೆ, ವರ್ಷಪೂರ್ತಿ ಹರಿಯೋ ದೊಡ್ಡ ನದಿ ಇಲ್ಲಿಲ್ಲ, ಬಿದ್ದ ಮಳೆ ಇಳಿಜಾರು ಹಿಡಿದು ಹೋಗ್ಬಿಡತ್ತೆ. ಅದಕ್ಕೇ ಹಿಂದಿನೋರು ಇಳಿಜಾರಿಗೆ ಅಡ್ಡ ಏರಿ ಹಾಕಿ ಒಂದರ ಕೆಳಗೊಂದು ಕೆರೆ ಕಟ್ಕೊಂಡು ಹೋದ್ರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ಆ ನೀರು ಕೆಳಗಿನ ಕೆರೆ ಸೇರ್ಬೇಕಲ್ಲ, ಆ ದಾರೀನೇ ರಾಜಕಾಲುವೆ. ಹೊಲ, ಗೋಮಾಳದ ಸಣ್ಣಪುಟ್ಟ ಹಳ್ಳ ಎಲ್ಲಾ ಬಂದು ಇದಕ್ಕೇ ಸೇರೋದು, ರಾಜಬೀದಿ ಅಂತೀವಲ್ಲ, ಅದೇ ಥರ ಇದು ಕಾಲುವೆಗಳಲ್ಲಿ ಹಿರಿದು. ವೃಷಭಾವತಿ ಕಣಿವೆ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗತ್ತೆ, ಹೆಬ್ಬಾಳ ಮತ್ತೆ ಕೋರಮಂಗಲ-ಚಲ್ಲಘಟ್ಟ ಕಣಿವೆದು ದಕ್ಷಿಣ ಪಿನಾಕಿನಿಗೆ.

ಆಮೇಲೆ ಊರು ಬೆಳೀತು. 2001ರ ಜನಗಣತೀಲಿ ಬೆಂಗಳೂರು ನಗರ ಜಿಲ್ಲೇಲಿ 65 ಲಕ್ಷ ಜನ, 2011ಕ್ಕೆ 96 ಲಕ್ಷ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಸ್ಟೇಡಿಯಂ, ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಬಂತು, ಇದು ಎಲ್ಲರಿಗೂ ಗೊತ್ತು. ಕಾಲುವೆ ಹೋಗಿದ್ದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಕಂದಾಯ ದಾಖಲೇಲಿ ಇಂಥ ಜಾಗ ಬಿ ಖರಾಬು, ಅಂದ್ರೆ ಸಾರ್ವಜನಿಕರದ್ದು, ಯಾರೂ ಮಾರೋ ಹಾಗಿಲ್ಲ. ಆದ್ರೂ ಒಂದ್ಕಡೆ ಕಾಂಪೌಂಡ್, ಇನ್ನೊಂದ್ಕಡೆ ರಸ್ತೆ ಅಂತ ಅಷ್ಟಷ್ಟೇ ತಿಂದು ಹಾಕಿದ್ರು. ನೀರಿಗೆ ಅದ್ರ ಹಳೇ ದಾರಿ ಗೊತ್ತಲ್ಲ, 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು, ಮಹದೇವಪುರ ಕಡೆ ಜನ ಬೋಟು, ಟ್ರ್ಯಾಕ್ಟರಲ್ಲಿ ಮನೆಯಿಂದ ಆಚೆ ಬರೋ ಹಂಗಾಯ್ತು. ಅದೇ ಬೆಳ್ಳಂದೂರು ಕೆರೇಲಿ ಅದಕ್ಕೂ ಮುಂಚೆ, ಕಾಲುವೆ ತಂದು ಸುರಿದ ಕೊಳಚೆಯಿಂದ ನೊರೆ ಎದ್ದು ರಸ್ತೆಗೆ ಹಾರ್ತಿತ್ತು, ಬೆಂಕೀನೂ ಹತ್ಕೊಂಡಿತ್ತು.

ನನಗೆ ಸಂಕಟ ಆಗೋದು ಇದಕ್ಕೇ. ಕೆರೆ ಉಳಿಸ್ತೀವಿ ಅಂತ ಸುತ್ತ ಬೇಲಿ, ವಾಕಿಂಗ್ ಟ್ರ್ಯಾಕ್, ಬೆಂಚು ಎಲ್ಲಾ ಹಾಕ್ತಾರೆ, ನೀರು ಬರೋ ದಾರಿ ಮುಚ್ಚಿರತ್ತೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆ ಸುತ್ತ 75 ಮೀಟರ್ ಬಿಡ್ಬೇಕು, ಕಾಲುವೆ ಪಕ್ಕದಲ್ಲೂ ಜಾಗ ಬಿಡ್ಬೇಕು ಅಂದಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು.

ಕಾಲುವೆ ಸರಿ ಇದ್ರೆ ಕೆರೆ ಹೆಂಗಿರತ್ತೆ ಅಂತ ನೋಡ್ಬೇಕಂದ್ರೆ ಜಕ್ಕೂರಿಗೆ ಹೋಗಿ. ಅಲ್ಲಿ ಶುದ್ಧೀಕರಣ ಘಟಕದಿಂದ ಬರೋ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಸೋಸ್ಕೊಂಡು ಆಮೇಲೆ ಕೆರೆ ಸೇರತ್ತೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬಂದು ಇಳೀತವೆ, ಮೀನು ಹಿಡಿಯೋರೂ ಇದಾರೆ. ತುಂಬಿ ಕೋಡಿ ಹರಿದಾಗ ಆ ನೀರು ಈಗ್ಲೂ ಕೆಳಗಿನ ರಾಚೇನಹಳ್ಳಿ ಕೆರೆಗೇ ಹೋಗತ್ತೆ.