ಲಿನಕ್ಸ್ ಹಾಕಿಸುವ ಮೊದಲು ಪೆನ್‌ಡ್ರೈವ್‌ನಲ್ಲೇ ಓಡಿಸಿ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತಿತು. ಅಲ್ಲಿಂದೀಚೆಗೆ ನಮ್ಮ ಸರ್ವೀಸ್ ಅಂಗಡಿಯಲ್ಲಿ ಒಂದೇ ಥರದ ಪ್ರಶ್ನೆ ಜಾಸ್ತಿಯಾಗಿದೆ. "ಲ್ಯಾಪ್‌ಟಾಪ್ ಚೆನ್ನಾಗೇ ಇದೆ ಸರ್. ಆದ್ರೆ ವಿಂಡೋಸ್ 11 ಹಾಕೋಕಾಗಲ್ಲ ಅಂತ ತೋರಿಸ್ತಿದೆ. ಹೊಸದೇ ತಗೋಬೇಕಾ?" ಬೇಕಾಗಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಹಾಗಾಗಿ 2015, 2016ರಲ್ಲಿ ಕೊಂಡ ಎಷ್ಟೋ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್‌ಗಳು ಆಚೆ ಉಳಿದುಬಿಟ್ಟಿವೆ. ಅವುಗಳಲ್ಲಿ ಬಹಳಷ್ಟು, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಇನ್ನೂ ಹಲವು ವರ್ಷ ಆರಾಮಾಗಿ ಓಡುತ್ತವೆ.

ಆದರೆ ಲಿನಕ್ಸ್ ಹಾಕಿಸಿಕೊಂಡು ಹೋದವರಲ್ಲಿ ಕೆಲವರು ವಾರದೊಳಗೆ ವಾಪಸ್ ಬರುತ್ತಾರೆ. "ಇದು ನಮಗೆ ಆಗಿಬರಲ್ಲ, ಹಳೇದನ್ನೇ ಹಾಕಿಕೊಡಿ" ಅನ್ನುತ್ತಾರೆ. ಯಾಕೆ ಅಂತ ಕೂತು ಕೇಳಿದರೆ ಲಿನಕ್ಸ್ ಕಷ್ಟ ಅನ್ನುವ ಮಾತು ಬರುವುದು ಅಪರೂಪ. ಪ್ರಿಂಟರ್ ಹಿಡಿಯಲಿಲ್ಲ, ಹಳೆಯ ಕನ್ನಡ ಫೈಲು ಓದಲಾಗಲಿಲ್ಲ, ಟ್ಯಾಲಿ ಓಪನ್ ಆಗಲಿಲ್ಲ. ಇವೆಲ್ಲ ಮೊದಲೇ ತಿಳಿಯಬಹುದಾದ ವಿಷಯಗಳು. ಅದಕ್ಕೇ ನಾನು ಹೊಸಬರಿಗೆ ಹೇಳುವುದು ಇಷ್ಟೇ: ದಿನಾ ಕಂಪ್ಯೂಟರಿನಲ್ಲಿ ಏನೇನು ಕೆಲಸ ಮಾಡುತ್ತೀರಿ ಅಂತ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ. ಆಮೇಲೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ, ಆ ಚೀಟಿಯ ಒಂದೊಂದು ಕೆಲಸವನ್ನೂ ಮಾಡಿ ನೋಡಿ. ಇನ್‌ಸ್ಟಾಲ್ ಮಾಡುವ ಮಾತು ಅದಾದ ಮೇಲೆ.

ಲಿನಕ್ಸ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಒಂದು ಕರ್ನಲ್ ಬರೆದು ಎಲ್ಲರಿಗೂ ಹಂಚಿದ. ಹಾರ್ಡ್‌ವೇರ್ ಮತ್ತು ನೀವು ಬಳಸುವ ಪ್ರೋಗ್ರಾಂಗಳ ನಡುವೆ ನಿಂತು ಕೆಲಸ ಮಾಡಿಸುವ ಭಾಗ ಅದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಸಾಧನಗಳು ಅದರ ಜೊತೆ ಸೇರಿದವು. ಕರ್ನಲ್, ಈ ಸಾಧನಗಳು, ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್ ಪ್ಯಾಕೇಜ್ ಎಲ್ಲವನ್ನೂ ಸೇರಿಸಿ ಬಳಕೆಗೆ ಸಿದ್ಧ ಮಾಡಿಕೊಟ್ಟದ್ದಕ್ಕೆ ಡಿಸ್ಟ್ರೋ ಅನ್ನುತ್ತಾರೆ. ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಎಲ್ಲ ಡಿಸ್ಟ್ರೋಗಳೇ. ಅವುಗಳ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಪಕ್ಕದ ಮನೆಯವರಿಗೆ ಕಾಪಿ ಮಾಡಿಕೊಟ್ಟರೂ ಅದು ಪೈರಸಿ ಆಗುವುದಿಲ್ಲ.

ಯಾವ ಡಿಸ್ಟ್ರೋ ಅನ್ನುವ ಚರ್ಚೆಯಲ್ಲಿ ದಿನಗಟ್ಟಲೆ ಕಳೆಯುವವರಿದ್ದಾರೆ. ನಾನು ಹೊಸಬರಿಗೆ ಕೊಡುವುದು ಲಿನಕ್ಸ್ ಮಿಂಟ್. ಕೆಳಗಡೆ ಪಟ್ಟಿ, ಎಡಗಡೆ ಮೆನು, ಬಲಗಡೆ ಗಡಿಯಾರ, ವಿಂಡೋಸ್ ಕಂಡವರಿಗೆ ಹತ್ತು ನಿಮಿಷದಲ್ಲಿ ಕೈಗೆ ಹತ್ತುತ್ತದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ ಅಂತ ಮಿಂಟ್ ಮಾಡಿದವರು ಹೇಳುತ್ತಾರೆ, ನೆಮ್ಮದಿಯಾಗಿ ಬಳಸಲು 4 ಜಿಬಿ ಇರಲಿ. 4 ಜಿಬಿ ಇರುವ ಹಳೆಯ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, ಅದಕ್ಕಿಂತ ಹೆಚ್ಚಿದ್ದರೆ ಸಿನಮನ್ ಆವೃತ್ತಿ ತೆಗೆದುಕೊಳ್ಳಿ. ಕಾಲೇಜು ಹುಡುಗರು ಬಂದು "ಅಂಕಲ್, ಕಾಲಿ ಲಿನಕ್ಸ್ ಹಾಕಿಕೊಡಿ" ಅನ್ನುತ್ತಾರೆ. ಅದು ಸೆಕ್ಯುರಿಟಿ ಪರೀಕ್ಷೆ ಮಾಡುವವರ ಸಾಧನ. ಲಿನಕ್ಸ್ ಪರಿಚಯ ಇಲ್ಲದವರಿಗೆ ಇದು ತಕ್ಕದ್ದಲ್ಲ ಅಂತ ಅದನ್ನು ಮಾಡಿದವರೇ ಬರೆದಿದ್ದಾರೆ.

ಇನ್ನೊಂದು ಮಾತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಅನ್ನುವ ಹೊಸ ಥರದ ವೇಗದ ಡಿಸ್ಕ್ ಹಾಕಿಸಿ. ಅದರಿಂದ ಸಿಗುವ ವೇಗ ಯಾವ ಆಪರೇಟಿಂಗ್ ಸಿಸ್ಟಮ್ ಬದಲಿಸಿದರೂ ಸಿಗುವುದಿಲ್ಲ. ತೆಗೆದ ಹಾರ್ಡ್ ಡಿಸ್ಕನ್ನು ಹಾಗೇ ಎತ್ತಿಟ್ಟರೆ ಹಳೆಯ ಫೈಲುಗಳೂ ಅದರಲ್ಲೇ ಉಳಿಯುತ್ತವೆ.

ಪೆನ್‌ಡ್ರೈವ್ ಮಾಡುವುದು ಸುಲಭ. ಇಡೀ ಮಿಂಟ್ ಅಡಗಿರುವ ಐಎಸ್‌ಒ ಅನ್ನುವ ಫೈಲ್ ಹೆಚ್ಚುಕಡಿಮೆ 3 ಜಿಬಿ ಇರುತ್ತದೆ, 8 ಜಿಬಿ ಪೆನ್‌ಡ್ರೈವ್ ಸಾಕು. ಐಎಸ್‌ಒ ಫೈಲನ್ನು ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಎಚರ್ ಅನ್ನುವ ಪುಟ್ಟ ಪ್ರೋಗ್ರಾಂನಿಂದ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಆಗ ಅಳಿಸಿಹೋಗುತ್ತದೆ, ನೆನಪಿರಲಿ. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಬಂದ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

ಪೆನ್‌ಡ್ರೈವ್‌ನಿಂದ ಬಂದ ಡೆಸ್ಕ್‌ಟಾಪ್ ನಿಮ್ಮ ಡಿಸ್ಕನ್ನು ಮುಟ್ಟುವುದಿಲ್ಲ. ತೆಗೆದು ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಪೆನ್‌ಡ್ರೈವ್‌ನಿಂದ ಓದಬೇಕಲ್ಲ, ಸ್ವಲ್ಪ ನಿಧಾನ ಇರುತ್ತದೆ. ಅದನ್ನು ನೋಡಿ ಬೇಸರಪಡಬೇಡಿ. ಈಗ ಚೀಟಿ ತೆಗೆಯಿರಿ. ವೈಫೈ ಸಿಗುತ್ತಿದೆಯಾ? ಯೂಟ್ಯೂಬ್ ಹಾಕಿ, ಸೌಂಡ್ ಬರುತ್ತಿದೆಯಾ? ಕ್ಯಾಮೆರಾ? ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರಾಗುತ್ತಾ? ವೈಫೈ ಕಾಣದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಎಷ್ಟೋ ಸಲ ವೈಫೈ ಡ್ರೈವರ್, ಅಂದರೆ ಅದನ್ನು ನಡೆಸುವ ಪುಟ್ಟ ಪ್ರೋಗ್ರಾಂ, ಅಲ್ಲೇ ಸಿಗುತ್ತದೆ.

ಪ್ರಿಂಟರ್ ವಿಷಯದಲ್ಲಿ ಮಾತ್ರ ತಾಳ್ಮೆಯಿಂದ ನೋಡಿ. ಎಚ್‌ಪಿ ಪ್ರಿಂಟರ್‌ಗಳಿಗೆ ಬೇಕಾದ ಎಚ್‌ಪಿಲಿಪ್ ಅನ್ನುವ ಡ್ರೈವರ್ ಮಿಂಟ್‌ನಲ್ಲೇ ಇದೆ. ಆದರೆ ಲೇಸರ್‌ಜೆಟ್ 1020ಯಂಥ ಕೆಲವು ಮಾಡೆಲ್‌ಗಳಿಗೆ ಮೇಲಿಂದ ಒಂದು ಪ್ಲಗಿನ್ ಇಳಿಸಿಕೊಳ್ಳಬೇಕು. ನಮ್ಮ ಕಡೆ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಕ್ಯಾಪ್ಟ್ ಅನ್ನುವ ಬೇರೆ ಡ್ರೈವರ್ ಬೇಕು, ಅದನ್ನು ಕೂರಿಸುವುದು ಹೊಸಬರ ಕೆಲಸವಲ್ಲ. ವೈಫೈ ಇರುವ ಈಚಿನ ಪ್ರಿಂಟರ್‌ಗಳಾದರೆ ಬಹುಪಾಲು ತಾವಾಗೇ ಪಟ್ಟಿಯಲ್ಲಿ ಬಂದು ಕೂರುತ್ತವೆ.

ಚೀಟಿಯಲ್ಲಿ ಟ್ಯಾಲಿ, ಪೇಜ್‌ಮೇಕರ್, ಕೋರಲ್‌ಡ್ರಾ, ಫೋಟೋಶಾಪ್ ಇವುಗಳಲ್ಲಿ ಯಾವುದಾದರೂ ಇದ್ದು, ಅದರಿಂದಲೇ ನಿಮ್ಮ ಹೊಟ್ಟೆಪಾಡು ನಡೆಯುತ್ತಿದ್ದರೆ ಆ ಯಂತ್ರದ ವಿಂಡೋಸ್ ತೆಗೆಯಬೇಡಿ. ಇವು ಈಗ ಲಿನಕ್ಸ್‌ಗೆ ಸಿಗುವುದಿಲ್ಲ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಹಾಕಿ ಓಡಿಸಬಹುದು ಅನ್ನುವವರು ಸಿಗುತ್ತಾರೆ. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸಬೇಕಾದವರು ಅಂಥ ಪ್ರಯೋಗಕ್ಕೆ ಕೈ ಹಾಕಬಾರದು. ಬ್ರೌಸರ್, ಇಮೇಲ್, ಪತ್ರ ಬರೆಯುವುದು, ವಿಡಿಯೋ ಕರೆ, ಮಕ್ಕಳ ಓದು, ಫೋಟೋ, ಸಿನಿಮಾ, ಇಷ್ಟೇ ಅಂದರೆ ಧೈರ್ಯವಾಗಿ ಬನ್ನಿ.

ಈಗ ಕನ್ನಡದ ವಿಷಯ. ಇದನ್ನು ಸ್ವಲ್ಪ ವಿವರವಾಗೇ ಹೇಳಬೇಕು, ಯಾಕಂದರೆ ಗಾಬರಿ ಜಾಸ್ತಿ ಆಗುವುದು ಇಲ್ಲೇ. ರಿಟೈರ್ ಆದ ಮೇಷ್ಟ್ರೊಬ್ಬರು ತಮ್ಮ ಊರಿನ ಇತಿಹಾಸ ಬರೆದಿಟ್ಟಿದ್ದರು. ಮಿಂಟ್‌ನಲ್ಲಿ ಆ ಫೈಲ್ ತೆರೆದದ್ದೇ ತಡ, "ನೋಡಪ್ಪಾ, ನನ್ನ ಪುಸ್ತಕಕ್ಕೆ ವೈರಸ್ ಹೊಡೆದಿದೆ" ಅಂದರು. ನೋಡಿದರೆ 'ಕ' ಇರಬೇಕಾದ ಕಡೆಯಲ್ಲೆಲ್ಲ ಇಂಗ್ಲಿಷಿನ ಪಿ ಅಕ್ಷರ, ಅದರ ಪಕ್ಕ ತಲೆ ಮೇಲೆ ಓರೆಗೆರೆ ಇರುವ ಎ. "ಏನೂ ಆಗಿಲ್ಲ ಮೇಷ್ಟ್ರೇ, ಇದು ನುಡಿಯ ಹಳೇ ಫಾಂಟು" ಅಂದೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಆಗಿನ ಫೈಲುಗಳಲ್ಲಿ ನಿಜವಾಗಿ ಸೇವ್ ಆಗಿರುವುದು ಇಂಗ್ಲಿಷ್ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟ್. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒಳಗಿರುವ ಸಂಕೇತಗಳೇ ಕಾಣುತ್ತವೆ. ವಿಂಡೋಸ್‌ನಲ್ಲಿದ್ದರೂ ಅಷ್ಟೇ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟ್ ಫೈಲುಗಳನ್ನು ಕಾಪಿ ಮಾಡಿ ತಂದು, ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದೆವು. ಮಿಂಟ್‌ನ ಆಫೀಸ್ ಪ್ಯಾಕೇಜ್ ಆದ ಲಿಬ್ರೆ ಆಫೀಸ್ ಮುಚ್ಚಿ ತೆರೆದಾಗ ಊರಿನ ಇತಿಹಾಸ ಪೂರ್ತಿ ಕನ್ನಡದಲ್ಲೇ ಇತ್ತು.

ಅದು ಓದಲು ಸಾಕು. ಮುಂದೆಯೂ ಉಳಿಯಬೇಕಾದ ಬರಹವನ್ನು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿಗೆ ಬದಲಿಸಿಬಿಡಿ. ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆಯಾಗಿ ಸಿಗುತ್ತವೆ. ಬದಲಿಸಿದ ಮೇಲೆ ಮೂಲದ ಪಕ್ಕ ಇಟ್ಟುಕೊಂಡು ಒಂದು ಸಲ ಓದಲೇಬೇಕು. ಅರ್ಕಾವತ್ತು ಜಾಗ ತಪ್ಪಿರಬಹುದು. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಟ್ಟಿರಬಹುದು. ಮೂಲ ಫೈಲನ್ನು ಅಳಿಸಬೇಡಿ.

ಕನ್ನಡ ಟೈಪ್ ಮಾಡಲು, ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಜೊತೆಗೆ ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ, ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಇದೆ. ಅದರಲ್ಲಿ ಕೆಜಿಪಿ ಅಂತ ಇರುವುದು ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ. ನುಡಿಯಲ್ಲಿ ಕುಟ್ಟಿ ಅಭ್ಯಾಸ ಇದ್ದವರ ಬೆರಳಿಗೆ ಹೊಸದಾಗಿ ಕಲಿಯುವಂಥದ್ದು ಏನೂ ಇರುವುದಿಲ್ಲ. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಿಗೆ ಅದೇ ಎಫ್. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ ಕಲಿತವರಿಗೆ ಅದೂ ಅಲ್ಲೇ ಇದೆ. ಅಕ್ಷರಕ್ಕೆ ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಪುಕ್ಕಟೆ.

ಎಲ್ಲ ಸರಿಹೋಯಿತು, ಇನ್‌ಸ್ಟಾಲ್ ಮಾಡೋಣ ಅನ್ನಿಸಿತಾ? ಇಲ್ಲಿ ದಯವಿಟ್ಟು ನಿಧಾನಿಸಿ. ನಮ್ಮಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ: "ಫೋಟೋ ಎಲ್ಲ ಡಿ ಡ್ರೈವ್‌ನಲ್ಲಿದೆ, ಫಾರ್ಮ್ಯಾಟ್ ಮಾಡಿದ್ರೂ ಏನಾಗಲ್ಲ." ವಿಂಡೋಸ್ ಮತ್ತೆ ಹಾಕುವಾಗ ಸಿ ಡ್ರೈವ್ ಒಂದನ್ನೇ ಅಳಿಸುತ್ತಾ ಬಂದಿದ್ದರಿಂದ ಹುಟ್ಟಿದ ನಂಬಿಕೆ ಇದು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು. ಲಿನಕ್ಸ್ ಇನ್‌ಸ್ಟಾಲರ್‌ನಲ್ಲಿ 'ಇರೇಸ್ ಡಿಸ್ಕ್' ಅಂತ ಆರಿಸಿದರೆ ಇಡೀ ಡಿಸ್ಕ್ ಹೋಗುತ್ತದೆ. ಮದುವೆ ಫೋಟೋ, ಮಕ್ಕಳ ಮಾರ್ಕ್ಸ್ ಕಾರ್ಡ್, ಜಮೀನಿನ ಪಹಣಿ ಸ್ಕ್ಯಾನ್ ಎಲ್ಲ ಹೋಗುತ್ತದೆ. ಹಾಗೆ ಕಳೆದುಕೊಂಡು ಬಂದವರ ಮುಖ ನೋಡುವುದು ಬಹಳ ಸಂಕಟದ ಕೆಲಸ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ತೆಗೆದು, ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನಾಲ್ಕು ಫೋಟೋ ನೋಡಿ, ಆಮೇಲೆ ಇನ್‌ಸ್ಟಾಲರ್ ತೆರೆಯಿರಿ.

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲೇ ಲಿನಕ್ಸ್ ಹಾಕುವುದಾದರೆ ಮೊದಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಡಿಸ್ಕಿನ ಒಂದು ಭಾಗವನ್ನು (ಪಾರ್ಟಿಷನ್) ಕುಗ್ಗಿಸಿ ಜಾಗ ಮಾಡಿ. ಮಿಂಟ್‌ಗೆ 20 ಜಿಬಿ ಕನಿಷ್ಠ, 100 ಜಿಬಿ ಇದ್ದರೆ ಚಿಂತೆಯಿಲ್ಲ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಏನನ್ನೂ ಮುಟ್ಟಬೇಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯಲೂ ಆಗುವುದಿಲ್ಲ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅನ್ನುವ ಡಿಸ್ಕ್ ಸೆಟ್ಟಿಂಗ್ ಆನ್ ಇದೆಯಾ ನೋಡಬೇಕು. ಅದನ್ನು ಬದಲಿಸುವುದು ಗೊತ್ತಿರುವವರಿಗೆ ಬಿಡಿ, ಸುಮ್ನೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು. ಆಮೇಲೆ ಎಂದಾದರೂ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿದ್ದರೆ ಹೆದರಬೇಡಿ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಅದು ಒಂದು ಸಾಲಿನ ಆದೇಶದಲ್ಲಿ ಸರಿಹೋಗುತ್ತದೆ.

ಇನ್‌ಸ್ಟಾಲ್ ಆದ ಮೇಲಿನ ಮೊದಲ ವಾರದಲ್ಲಿ ಬಿಡಬೇಕಾದ ಅಭ್ಯಾಸ ಒಂದೇ. ಗೂಗಲ್‌ನಲ್ಲಿ ಹುಡುಕಿ ಎಲ್ಲಿಂದಲೋ ಇಎಕ್ಸ್‌ಇ ಫೈಲ್ ಇಳಿಸುವುದು. ಮಿಂಟ್‌ನಲ್ಲಿ ಬೇಕಾದ ಪ್ರೋಗ್ರಾಂಗಳೆಲ್ಲ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತವೆ, ಫೋನಿನ ಪ್ಲೇ ಸ್ಟೋರ್ ಬಳಸಿದಷ್ಟೇ ಸುಲಭ. ಟೈಮ್‌ಶಿಫ್ಟ್ ತೆರೆದು ಮೊದಲ ದಿನವೇ ಒಂದು ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಮ್ ಆಗಿದ್ದ ಸ್ಥಿತಿಯ ಪ್ರತಿ, ತೆಗೆದಿಡಿ. ಯಾವುದೋ ಅಪ್‌ಡೇಟ್‌ನಿಂದ ತೊಂದರೆಯಾದರೆ ಹಿಂದಿನ ಸ್ಥಿತಿಗೆ ಹೋಗಬಹುದು. ಇದು ಸಿಸ್ಟಮ್ ಫೈಲುಗಳಿಗೆ ಮಾತ್ರ. ನಿಮ್ಮ ಫೋಟೋಗಳ ಬ್ಯಾಕಪ್ ಬೇರೆಯಾಗೇ ತೆಗೆಯಬೇಕು.

ಆದೇಶ ಟೈಪ್ ಮಾಡುವ ಕಪ್ಪು ಪರದೆಯ ಟರ್ಮಿನಲ್ ಕಂಡರೆ ಭಯ ಅಲ್ವಾ? ದಿನದ ಕೆಲಸಕ್ಕೆ ಅದು ಬೇಕಾಗುವುದೇ ಇಲ್ಲ. ಯಾವಾಗಲಾದರೂ ಬೇಕಾದರೆ ಒಂದು ವಿಷಯ ತಿಳಿದಿರಲಿ. ಅದು ಪಾಸ್‌ವರ್ಡ್ ಕೇಳಿದಾಗ ನೀವು ಒತ್ತಿದ ಅಕ್ಷರ ಪರದೆ ಮೇಲೆ ಕಾಣುವುದಿಲ್ಲ. ಮಿಂಟ್‌ನಲ್ಲಿ ಸಾಮಾನ್ಯವಾಗಿ ನಕ್ಷತ್ರದ ಗುರುತು ಬರುತ್ತದೆ, ಬೇರೆ ಎಷ್ಟೋ ಡಿಸ್ಟ್ರೋಗಳಲ್ಲಿ ಅದೂ ಬರುವುದಿಲ್ಲ. ಕೀಬೋರ್ಡ್ ಕೆಟ್ಟಿತು ಅಂತ ಎಷ್ಟೋ ಜನ ಅಲ್ಲೇ ನಿಲ್ಲಿಸುತ್ತಾರೆ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ, ಮುಂದೆ ಹೋಗುತ್ತದೆ. ಯಾರೋ ಎಲ್ಲೋ ಬರೆದ ಆದೇಶವನ್ನು ಅರ್ಥವಾಗದೆ ಅಂಟಿಸಬೇಡಿ, ಅದರಲ್ಲೂ ಇಡೀ ಸಿಸ್ಟಮ್ ಬದಲಿಸುವ ಅಧಿಕಾರ ಕೊಡುವ ಸುಡೊ ಅಂತ ಶುರುವಾಗುವುದನ್ನು.

ಸಿಕ್ಕಿಹಾಕಿಕೊಂಡರೆ ಗೊತ್ತಿರುವವರನ್ನು ಕೇಳಿ. ಕೇಳುವಾಗ "ಓಡ್ತಿಲ್ಲ" ಅನ್ನುವ ಬದಲು ಏನು ಮಾಡಿದಿರಿ, ಪರದೆ ಮೇಲೆ ಏನು ಬಂತು ಅಂತ ಅಕ್ಷರಕ್ಕೆ ಅಕ್ಷರ ಹೇಳಿ. ಮಿಂಟ್‌ನ ಸಿಸ್ಟಮ್ ಇನ್‌ಫರ್ಮೇಶನ್‌ನಲ್ಲಿ ನಿಮ್ಮ ಯಂತ್ರದ ಪ್ರೊಸೆಸರ್, ವೈಫೈ ಕಾರ್ಡ್, ಗ್ರಾಫಿಕ್ಸ್ ಎಲ್ಲದರ ವಿವರ ಒಂದೇ ಕಡೆ ಇರುತ್ತದೆ. ಅದನ್ನು ಕಾಪಿ ಮಾಡಿ ಜೊತೆಗೆ ಕಳಿಸಿದರೆ ನಾವು ಕೇಳಬೇಕಾದ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.