ಪಾಟಿನ ಮಣ್ಣು ಕುಣಿದರೆ ಹೆದರಬೇಡಿ

"ಸರ್, ನಮ್ಮ ಪಾಟಿನಲ್ಲಿ ಮಣ್ಣೇ ಕುಣೀತಾ ಇದೆ!"

ಒಂದು ಮಳೆಗಾಲದಲ್ಲಿ ಬೆಂಗಳೂರಿನ ಜಯನಗರದಿಂದ ಬಂದ ಫೋನ್ ಇದು. ಪೀಸ್ ಲಿಲಿಗೆ ನೀರು ಹಾಕಿದ ಕೂಡಲೇ ಮೇಲ್ಮಣ್ಣಿನಲ್ಲಿ ಬಿಳಿ ಚುಕ್ಕೆಗಳು ಪಟಪಟ ಎಗರುತ್ತಿವೆಯಂತೆ. "ಏನೂ ಹಾಕಬೇಡಿ, ನಾಳೆ ಬರ್ತೀನಿ" ಅಂದೆ. ನಾನು ಹೋಗುವಷ್ಟರಲ್ಲಿ ಮನೆಯ ಯಜಮಾನರು ನೆಲ ಒರೆಸುವ ಫಿನಾಯಿಲನ್ನು ನೀರಿಗೆ ಬೆರೆಸಿ ಸುರಿದಾಗಿತ್ತು. ಕುಣಿತವೇನೋ ನಿಂತಿತ್ತು. ವಾರದೊಳಗೆ ಪೀಸ್ ಲಿಲಿಯೂ ಮಲಗಿತು. ಆ ಚುಕ್ಕೆಗಳಿಂದ ಗಿಡಕ್ಕೆ ಏನೂ ಆಗುತ್ತಿರಲಿಲ್ಲ, ಅದೇ ಬೇಸರ.

ಮನೆಯೊಳಗಿನ ಗಿಡ ನೋಡುವ ಕೆಲಸ ನನ್ನದು. ವಾಟ್ಸಾಪಿಗೆ ಬರುವ ಫೋಟೊಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಕಪ್ಪು ಮಣ್ಣು, ಮೇಲೊಂದು ಮಸುಕು ಚುಕ್ಕೆ, ಕೆಳಗೆ "ಇದಕ್ಕೇನು ಹೊಡೀಬೇಕು?" ಅನ್ನೋ ಪ್ರಶ್ನೆ. ಚುಕ್ಕೆ ನೋಡಿ ನನಗೂ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ತಿರುಗಿ ಕೇಳುತ್ತೇನೆ: ಅದು ಹೇಗೆ ಓಡಾಡುತ್ತದೆ? ಎಗರುತ್ತದಾ, ಹಾರುತ್ತದಾ, ಓಡುತ್ತದಾ, ಕೂತಲ್ಲೇ ಕೂತಿದೆಯಾ? ಫೋಟೊ ಬೇಡ, ಹತ್ತು ಸೆಕೆಂಡಿನ ವಿಡಿಯೊ ಕಳಿಸಿ ಅನ್ನುತ್ತೇನೆ.

ನೀವೇ ನೋಡುವುದಾದರೆ ಒಂದು ಚಮಚ ಮೇಲ್ಮಣ್ಣನ್ನು ಬಿಳಿ ಕಾಗದದ ಮೇಲೆ ಹರಡಿ, ಬೆಳಕಿಗೆ ಹಿಡಿದು ಎರಡು ನಿಮಿಷ ಸುಮ್ನೆ ಕಾಯಿರಿ. ಒಂದು ಭೂತಗನ್ನಡಿ ಇದ್ದರೆ ಸಾಕು.

ಎಗರುವುದು ಸ್ಪ್ರಿಂಗ್‌ಟೇಲ್. ಉದ್ದ ಒಂದೆರಡು ಮಿಲಿಮೀಟರ್, ರೆಕ್ಕೆ ಇಲ್ಲ. ಹೊಟ್ಟೆಯ ಕೆಳಗೆ ಕವಲೊಡೆದ ಒಂದು ಬಾಲ ಮಡಚಿಕೊಂಡಿರುತ್ತದೆ. ಅಪಾಯ ಕಂಡರೆ ಕೊಂಡಿ ಬಿಟ್ಟ ಹಾಗೆ ಅದು ಬಿಚ್ಚಿಕೊಂಡು ನೆಲಕ್ಕೆ ಬಡಿಯುತ್ತದೆ, ಪ್ರಾಣಿ ಮೇಲಕ್ಕೆ ಚಿಮ್ಮುತ್ತದೆ. ಎಲ್ಲಿ ಬೀಳುತ್ತದೆ ಎಂದು ಅದಕ್ಕೂ ಗೊತ್ತಿರುವುದಿಲ್ಲ. ಆರು ಕಾಲಿದ್ದರೂ ಇದನ್ನು ಈಗ ಕೀಟಗಳ ಗುಂಪಿಗೆ ಸೇರಿಸುವುದಿಲ್ಲ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಇದರ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ. ಡೈನೋಸಾರ್‌ಗಿಂತ ಎಷ್ಟೋ ಮೊದಲಿನಿಂದ ಮಣ್ಣಿನಲ್ಲಿರುವ ಜೀವಿಯನ್ನು ನಾವು ಫಿನಾಯಿಲ್ ಹಾಕಿ ಓಡಿಸಲು ಹೊರಡುತ್ತೇವೆ! ಅದು ತಿನ್ನುವುದು ಬೂಸ್ಟು ಮತ್ತು ಕೊಳೆತ ಎಲೆ. ಪಾಟಿಗೆ ಧಾರಾಳವಾಗಿ ನೀರು ಹಾಕಿದರೆ ಮೇಲೆ ತೇಲುತ್ತದೆ, ಗುರುತಿಗೆ ಅಷ್ಟು ಸಾಕು. ಎರೆಗೊಬ್ಬರ ಹಾಕಿದ ಮಣ್ಣಿನಲ್ಲಿ ಇಲ್ಲದಿದ್ದರೇ ಆಶ್ಚರ್ಯ. ಜಾಸ್ತಿ ಆಗಿದ್ದರೆ ನೀವು ನೀರು ಜಾಸ್ತಿ ಹಾಕುತ್ತಿದ್ದೀರಿ ಅಂತ ಅರ್ಥ.

ಹಾರುವುದು ಫಂಗಸ್ ನ್ಯಾಟ್. ಮನೆಯಲ್ಲಿ ಇದನ್ನು ಗುಂಗುರು ಅಂತಲೋ ಹಣ್ಣಿನ ನೊಣ ಅಂತಲೋ ಕರೆಯುತ್ತಾರೆ. ಆದರೆ ಹಣ್ಣಿನ ನೊಣ ಕಂದು ಮೈಯದು, ಕಣ್ಣು ಕೆಂಪು, ಬಾಳೆಹಣ್ಣಿನ ಸುತ್ತ ಸುತ್ತುತ್ತದೆ. ಇದು ಕಪ್ಪು, ಸೊಳ್ಳೆಯ ಹಾಗೆ ಉದ್ದ ಕಾಲು, ಗಟ್ಟಿಯಾಗಿ ಹಾರಲು ಬಾರದು. ನೀರು ಹಾಕಿದಾಗ ಪಾಟಿನಿಂದೆದ್ದು ನಿಮ್ಮ ಮುಖದ ಮುಂದೆ ಅಡ್ಡಾದಿಡ್ಡಿ ಹಾರಿ, ಲ್ಯಾಪ್‌ಟಾಪ್ ಪರದೆ ಮೇಲೋ ಕಾಫಿ ಲೋಟದ ಅಂಚಿಗೋ ಕೂರುತ್ತದೆ. ಕಚ್ಚುವುದಿಲ್ಲ.

ಹಾರುವುದನ್ನು ಹೊಡೆದು ಪ್ರಯೋಜನವಿಲ್ಲ. ಅದರ ಆಯುಸ್ಸೇ ಒಂದು ವಾರದ ಆಸುಪಾಸು, ಅಷ್ಟರಲ್ಲಿ ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟಿರುತ್ತದೆ. ನೋಡಬೇಕಾದದ್ದು ಮಣ್ಣಿನೊಳಗಿನ ಮರಿಹುಳು. ಗಾಜಿನ ದಾರದಂಥ ಮೈ, ಹೊಳೆಯುವ ಕಪ್ಪು ತಲೆ. ಅದನ್ನು ಹಿಡಿಯಲು ಆಲೂಗಡ್ಡೆ ಸಾಕು. ಒಂದು ಬಿಲ್ಲೆ ಕತ್ತರಿಸಿ ಒದ್ದೆ ಮಣ್ಣಿನ ಮೇಲೆ ಒತ್ತಿಡಿ, ಎರಡು ದಿನ ಬಿಟ್ಟು ತಿರುಗಿಸಿ ನೋಡಿ. ಮರಿಹುಳು ಇದ್ದರೆ ಅಡಿಯಲ್ಲಿ ಸೇರಿಕೊಂಡಿರುತ್ತದೆ. ದೊಡ್ಡ ಗಿಡ ಇದನ್ನು ತಡೆದುಕೊಳ್ಳುತ್ತದೆ. ಬೀಜದಿಂದ ಈಗಷ್ಟೇ ಎದ್ದ ಸಸಿ, ಬೇರು ಬಿಡುತ್ತಿರುವ ಕಡ್ಡಿ ಇವಕ್ಕೆ ಮಾತ್ರ ನಿಜವಾದ ತೊಂದರೆ, ಎಳೆ ಬೇರನ್ನೇ ತಿಂದುಬಿಡುತ್ತದೆ.

ಇದಕ್ಕೆ ಮುಖ್ಯ ಮದ್ದು ಕೈ ಬಿಗಿ ಹಿಡಿಯುವುದು. ಮೇಲಿನ ಒಂದೂವರೆ ಇಂಚು ಒಣಗಿದ ಮೇಲಷ್ಟೇ ನೀರು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಪಾಟಿನಲ್ಲಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಿಂಡಿದರೆ ನೀರು ಬರುತ್ತದೆ, ಬೆರಳು ಹಾಕಿಯೇ ನೋಡಿ. ಹಾರುವುದಕ್ಕೆ ಹಳದಿ ಅಂಟು ಕಾರ್ಡು ಇಡಿ. ಮೊಟ್ಟೆಯಿಂದ ನೊಣದವರೆಗೆ ಮೂರು ನಾಲ್ಕು ವಾರ ಹಿಡಿಯುತ್ತದೆ, ಹಾಗಾಗಿ ಕನಿಷ್ಠ ಒಂದು ತಿಂಗಳು ಬಿಡದೆ ಮಾಡಬೇಕು. ಮೂರು ದಿನಕ್ಕೆ "ಏನೂ ಉಪಯೋಗ ಆಗಲಿಲ್ಲ ಸರ್" ಅಂತ ಫೋನ್ ಮಾಡುವವರೇ ಜಾಸ್ತಿ. ಮರಿಹುಳುವನ್ನು ಕೊಲ್ಲುವ ಬಿಟಿ ಬ್ಯಾಕ್ಟೀರಿಯಾ ಪುಡಿ ಕೊಳ್ಳುವುದಾದರೆ ಲೇಬಲ್ ನೋಡಿ. ಸೊಳ್ಳೆ ಮರಿಗೆ ಹಾಕುವ ಇಸ್ರೇಲೆನ್ಸಿಸ್ ತಳಿ ಬೇಕು. ತರಕಾರಿ ತೋಟದ ಕಂಬಳಿಹುಳಕ್ಕೆ ಹೊಡೆಯುವ ಕುರ್ಸ್ಟಾಕಿ ತಳಿಯಿಂದ ಇದಕ್ಕೇನೂ ಆಗುವುದಿಲ್ಲ.

ಇನ್ನೊಂದು ಮಾತು, ಸಿಟ್ಟಾಗಬೇಡಿ. ಟೀ ಚರಟ, ಅಕ್ಕಿ ತೊಳೆದ ನೀರು, ಹಾಲಿನ ಪಾತ್ರೆ ತೊಳೆದದ್ದು ಎಲ್ಲವೂ ಗಿಡಕ್ಕೆ ಒಳ್ಳೆಯದು ಅಂತ ಮನೆಯೊಳಗಿನ ಪಾಟಿಗೆ ಸುರಿಯುತ್ತೀರಲ್ವಾ? ಮೇಲೆ ಬೂಸ್ಟು ಬೆಳೆಯುತ್ತದೆ, ಆ ಬೂಸ್ಟೇ ಈ ಮರಿಗಳಿಗೆ ಊಟ. ಅಂಗಳದ ದಾಸವಾಳಕ್ಕೆ ಹಾಕಿ, ಬೇಡ ಅನ್ನುವುದಿಲ್ಲ.

ಓಡುವುದು ಅಥವಾ ನಿಧಾನ ನಡೆಯುವುದು ನುಸಿ. ನಮ್ಮ ಕಡೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟವನ್ನೂ ನುಸಿ ಅಂತಲೇ ಅನ್ನುವುದರಿಂದ ಗೊಂದಲ. ನಾನು ಹೇಳುತ್ತಿರುವುದು ಎಂಟು ಕಾಲಿನ ನುಸಿ. ರಾಗಿ ಕಾಳಿಗಿಂತ ಚಿಕ್ಕದು, ಹೊಳೆಯುವ ಕಂದು ಮಣಿಯ ಹಾಗಿದ್ದು ಮೆಲ್ಲಗೆ ನಡೆದರೆ ಕೊಳೆತದ್ದನ್ನು ತಿನ್ನುವಂಥದ್ದು. ತಿಳಿ ಕಂದು ಬಣ್ಣದ್ದು ಸರಸರ ಓಡಿದರೆ ಬಹುಮಟ್ಟಿಗೆ ಬೇಟೆಗಾರ, ಫಂಗಸ್ ನ್ಯಾಟ್ ಮರಿಯನ್ನೇ ತಿನ್ನುತ್ತದೆ. ಎರಡನ್ನೂ ಬಿಟ್ಟುಬಿಡಿ. ಬಲೆ ಕಟ್ಟಿ ಗಿಡದ ರಸ ಹೀರುವ ನುಸಿ ಎಲೆಯಡಿ ಇರುತ್ತದೆ, ಮಣ್ಣಿನಲ್ಲಿ ಅಲ್ಲ.

ಇನ್ನು ಕೂತಲ್ಲೇ ಕೂರುವುದು. ನನಗೆ ಹೆದರಿಕೆ ಇರುವುದು ಇದೊಂದರ ಬಗ್ಗೆ. ಇದರ ಫೋಟೊ ಯಾರೂ ಕಳಿಸುವುದಿಲ್ಲ, ಏಕೆಂದರೆ ಯಾರಿಗೂ ಕಾಣುವುದೇ ಇಲ್ಲ.

ಬೇರಿನ ಹಿಟ್ಟು ತಿಗಣೆ. ದಾಸವಾಳದ ಮೊಗ್ಗಿನ ಮೇಲೆ ಕಾಣುವ ಹಿಟ್ಟು ತಿಗಣೆಯ ಮಣ್ಣಿನೊಳಗಿನ ನೆಂಟ. ಕೊಡಗಿನ ಕಾಳುಮೆಣಸು ಬೆಳೆಗಾರರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಬಳ್ಳಿ ಕಾರಣವಿಲ್ಲದೆ ಹಳದಿಯಾದರೆ, ಬುಡದಲ್ಲಿ ಇರುವೆ ಓಡಾಡಿದರೆ ಬೇರು ಕೆದಕಿ ನೋಡುತ್ತಾರೆ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ. ಮನೆಯೊಳಗೂ ಕಥೆ ಹಾಗೇ, ಆದರೆ ಬಹಳ ಸಲ ಇರುವೆಯ ಸುಳಿವೂ ಸಿಗುವುದಿಲ್ಲ.

ಕಳ್ಳಿ, ನೀರು ತುಂಬಿದ ದಪ್ಪ ಎಲೆಯ ಗಿಡ ಇಂಥವನ್ನು ಸಾಕುವವರೊಬ್ಬರು ಕರೆದಿದ್ದರು. ಹುಳದ ದೂರೇ ಇರಲಿಲ್ಲ. "ಹವೋರ್ತಿಯಾ ಒಂದು ವರ್ಷದಿಂದ ಹಾಗೇ ಇದೆ, ನೀರು ಹಾಕಿದರೂ ಎಲೆ ತುಂಬಿಕೊಳ್ಳುವುದಿಲ್ಲ" ಅಂದರು. ಪಾಟ್ ಬೋರಲು ಹಾಕಿ ಗಿಡ ಎಳೆದೆ. ಮಣ್ಣಿಗೂ ಪಾಟಿನ ಗೋಡೆಗೂ ನಡುವೆ ಅಕ್ಕಿಹಿಟ್ಟು ಉದುರಿಸಿದ ಹಾಗೆ. ಅವರು "ಅದು ಪರ್ಲೈಟ್ ಅಲ್ವಾ?" ಅಂದರು. ಪರ್ಲೈಟ್ ಅಂದರೆ ಪಾಟಿನ ಮಣ್ಣಿಗೆ ಬೆರೆಸುವ ಹಗುರವಾದ ಬಿಳಿ ಕಲ್ಲಿನ ಚೂರು. ಅದನ್ನು ಉಗುರಿನಲ್ಲಿ ಒತ್ತಿದರೆ ಕರ್ ಅಂತ ಪುಡಿಯಾಗುತ್ತದೆ. ಇದನ್ನು ಒತ್ತಿದಾಗ ಬೆರಳು ಒದ್ದೆಯಾಯಿತು. ತಿಗಣೆಯ ಮೈಮೇಲಿನ ಆ ಬಿಳಿ ಮೇಣದ ಮೇಲೆ ನೀರು ನಿಲ್ಲುವುದೂ ಇಲ್ಲ, ಹಾಗಾಗಿ ಮೇಲಿನಿಂದ ಸುರಿದ ಬೇವಿನೆಣ್ಣೆ ನೀರು ಪಕ್ಕದಿಂದ ಜಾರಿ ತಟ್ಟೆಗೆ ಹೋಗಿತ್ತು.

ಇಂಥ ಗಿಡದ ಮಣ್ಣನ್ನು ಪೂರ್ತಿ ಕೊಡವಿ, ಕವರಿಗೆ ಕಟ್ಟಿ ಬಿಸಾಡಬೇಕು. ಬೇರನ್ನು ನಲ್ಲಿಯ ಕೆಳಗೆ ತೊಳೆದು, ಕೊಳೆತದ್ದನ್ನು ಕತ್ತರಿಸಿ, ಎರಡು ಮೂರು ದಿನ ನೆರಳಿನಲ್ಲಿ ಒಣಗಿಸಿ ಹೊಸ ಮಣ್ಣಿಗೆ ಹಾಕಬೇಕು. ಒಣಗಿಸುವುದು ಕಳ್ಳಿ ಮತ್ತು ದಪ್ಪ ಎಲೆಯ ಗಿಡಕ್ಕೆ ಮಾತ್ರ, ಪೀಸ್ ಲಿಲಿಗೆ ಹಾಗೆ ಮಾಡಬೇಡಿ. ಹಳೆ ಪಾಟ್ ಬೇಕೇ ಬೇಕಿದ್ದರೆ ಮಣ್ಣಿನದಕ್ಕೆ ಕುದಿಯುವ ನೀರು ಸುರಿಯಿರಿ. ಅಂಗಡಿಯಲ್ಲಿ ಕೊಡುವ ಇಮಿಡಾಕ್ಲೋಪ್ರಿಡ್ ಬೇರಿನ ಮೂಲಕ ಗಿಡದ ಮೈಯೆಲ್ಲ ಸೇರುವ ವಿಷ. ತುಳಸಿ, ಪುದೀನ, ದೊಡ್ಡಪತ್ರೆ ಇರುವ ಪಾಟಿಗೆ ಅದನ್ನು ನಾನು ಯಾವತ್ತೂ ಹೇಳುವುದಿಲ್ಲ.

ಮರಿ ತಿಗಣೆಗಳು ಪಾಟಿನ ತಳದ ತೂತಿನಿಂದ ಹೊರಬಂದು, ತಟ್ಟೆಯ ನೀರಿನ ಜೊತೆ ಪಕ್ಕದ ಪಾಟಿಗೂ ಹೋಗುತ್ತವೆ. ಆ ಮನೆಯಲ್ಲಿ ಒಂದೇ ಉದ್ದನೆಯ ಟ್ರೇಯಲ್ಲಿ 9 ಪಾಟ್ ಇದ್ದವು. ಒಂದೊಂದಾಗಿ ಎಲ್ಲವನ್ನೂ ಬೋರಲು ಹಾಕಿದೆವು. ಐದರಲ್ಲಿ ಸಿಕ್ಕಿತು.