ನಾಟಿ ಬದನೆಯ ಬೀಜ ಎತ್ತಿಟ್ಟರೆ ಮತ್ತೆ ಅದೇ ಕಾಯಿ ಬರುತ್ತದಾ?

ಪ್ರಶ್ನೆ: ತಾರಸಿಯ ಕುಂಡದಲ್ಲಿ ಮಟ್ಟು ಗುಳ್ಳ ಎಂಬ ನಾಟಿ ಬದನೆ ಬೆಳೆದಿದ್ದೇನೆ. ಅದರ ಬೀಜ ಎತ್ತಿಟ್ಟು ಬಿತ್ತಿದರೆ ಮತ್ತೆ ಗುಳ್ಳವೇ ಬರುತ್ತದಾ? ಹಿಂದೆ ಪ್ಯಾಕೆಟ್ ಬೀಜದ ಗಿಡದಿಂದ ಎತ್ತಿಟ್ಟಾಗ ಒಂದೊಂದು ಗಿಡದಲ್ಲಿ ಒಂದೊಂದು ತರಹದ ಕಾಯಿ ಬಂತು.

ಉತ್ತರ: ಬರುತ್ತದೆ. ಜೇನ್ನೊಣದ ಮೇಲೆ ಸ್ವಲ್ಪ ಕಣ್ಣಿಟ್ಟರೆ ಸಾಕು.

ನಿಮ್ಮ ಹಳೆಯ ಪ್ಯಾಕೆಟ್ ಮೇಲೆ ಬಹುಶಃ ‘ಎಫ್1 ಹೈಬ್ರಿಡ್’ ಎಂದಿತ್ತು. ಎರಡು ಬೇರೆ ತಳಿಗಳನ್ನು ಕೂಡಿಸಿದಾಗ ಸಿಗುವ ಮೊದಲ ತಲೆಮಾರು ಅದು. ಅದರಲ್ಲಿ ಗಿಡಗಳೆಲ್ಲ ಒಂದೇ ಸಮ. ಆದರೆ ಅದರ ಬೀಜ ಬಿತ್ತಿದರೆ ಒಂದು ಗಿಡ ಅಜ್ಜನ ಗುಣ, ಇನ್ನೊಂದು ಅಜ್ಜಿಯ ಗುಣ ತೋರಿಸುತ್ತದೆ. ನಾಟಿ ತಳಿ ಹಾಗಲ್ಲ. ಉಡುಪಿ ಹತ್ತಿರದ ಮಟ್ಟು ಊರಿನ ರೈತರು ಒಳ್ಳೆಯ ಕಾಯಿ ಆರಿಸಿ ಬೀಜಕ್ಕೆ ಬಿಡುತ್ತಾ ಬಂದದ್ದರಿಂದ ಆ ತಿಳಿ ಹಸಿರು ಬಣ್ಣ, ಗುಂಡು ಆಕಾರ, ತೊಟ್ಟಿನ ಮುಳ್ಳು ಎಲ್ಲ ತಳಿಯಲ್ಲೇ ನೆಲೆ ನಿಂತಿವೆ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಇದು ಆ ಊರಿನದೇ ವಿಶೇಷ ಬೆಳೆ ಎಂಬ ಮಾನ್ಯತೆಯೂ ಸಿಕ್ಕಿತು. ಮಟ್ಟುವಿನ ಮಣ್ಣು ನಿಮ್ಮ ಕುಂಡದಲ್ಲಿಲ್ಲ, ಹಾಗಾಗಿ ರುಚಿ ಸ್ವಲ್ಪ ಬೇರೆ ಅನ್ನಿಸಬಹುದು.

ಬದನೆ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಚ್ಚುತ್ತದೆ. ಆದರೂ ಪಕ್ಕದಲ್ಲಿ ನೇರಳೆ ಬದನೆ ಇದ್ದರೆ ಜೇನ್ನೊಣ ಬೆರಕೆ ಮಾಡೀತು. ಬೀಜಕ್ಕೆ ಬೇಕಾದ ಒಂದೆರಡು ಮೊಗ್ಗಿಗೆ ಅರಳುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಿ. ಹೂ ಅರಳಿದಾಗ ರೆಂಬೆಯನ್ನು ಮೆಲ್ಲಗೆ ಅಲುಗಾಡಿಸಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಗುರುತಿಗೆ ಬಣ್ಣದ ದಾರ ಕಟ್ಟಿ. ಅವರೆ, ಟೊಮ್ಯಾಟೊಗೆ ಇಷ್ಟೆಲ್ಲ ಬೇಡ. ಸೋರೆ, ಹೀರೆ, ಕುಂಬಳದಲ್ಲಿ ಮಾತ್ರ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಬೆರಕೆ ಸುಲಭ. ಜಾಗ ಕಡಿಮೆ ಇದ್ದರೆ ಒಂದೊಂದರಲ್ಲಿ ಒಂದೇ ತಳಿ ಬೆಳೆಯಿರಿ.

ದಾರ ಕಟ್ಟಿದ ಕಾಯಿಯನ್ನು ಸಾಂಬಾರಿಗೆ ಕೀಳಬೇಡಿ, ಎಷ್ಟೇ ಆಸೆಯಾದರೂ! ನಾವು ತಿನ್ನುವ ಬದನೆ, ಬೆಂಡೆ, ಹೀರೆ ಎಲ್ಲ ಎಳೆಗಾಯಿ ಅಲ್ವಾ? ಅವು ಹಣ್ಣಾದಾಗ ಹೇಗಿರುತ್ತವೆ ಎಂದು ಎಷ್ಟೋ ಜನ ನೋಡಿಯೇ ಇಲ್ಲ. ಗುಳ್ಳ ಹಳದಿಗೆ ತಿರುಗಿ ಮೆತ್ತಗಾಗುತ್ತದೆ. ಹೀರೆ ಬಳ್ಳಿಯಲ್ಲೇ ಒಣಗಿ ಕಂದು ಬಣ್ಣಕ್ಕೆ ಬರುತ್ತದೆ. ಅದರ ತುದಿಯಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದು ಕಳಚಿದಾಗ ಕಾಯಿ ತಲೆಕೆಳಗೆ ಹಿಡಿದು ಅಲುಗಿಸಿದರೆ ಕಪ್ಪು ಬೀಜಗಳು ಟಪಟಪ ಉದುರುತ್ತವೆ. ಸುಮ್ನೆ ಇದನ್ನು ನೋಡುವುದಕ್ಕಾದರೂ ಒಂದು ಹೀರೆ ಬಳ್ಳಿ ಬೆಳೆಸಬೇಕು ಅನ್ನುತ್ತೇನೆ ನಾನು.

ಹಣ್ಣಾದ ಗುಳ್ಳವನ್ನು ಕೊಯ್ದು ನೀರಿನಲ್ಲಿ ಕಿವುಚಿ. ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳ ಸೇರುತ್ತದೆ. ತೊಳೆದು ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಮೇಲೆ ಬಾಟಲಿಗೆ ತುಂಬಿ ಹೆಸರು, ತಿಂಗಳು ಬರೆದಿಡಿ. ತೇವ ತಾಗದಿದ್ದರೆ ಬದನೆ ಬೀಜ ಮೂರು ವರ್ಷವಾದರೂ ಮೊಳೆಯುತ್ತದೆ. ಅವರೆ, ಅಲಸಂದೆಗೆ ಹುಳ ಬೀಳದ ಹಾಗೆ ಒಲೆಯ ಬೂದಿ ಬೆರೆಸಿ. ಸ್ವಲ್ಪ ಬೀಜ ಪಕ್ಕದ ಮನೆಯವರಿಗೂ ಕೊಟ್ಟಿರಿ. ನಿಮ್ಮದು ಹಾಳಾದರೆ ಅವರಲ್ಲಿ ಕೇಳಿ ತರಬಹುದು.